ಕಾರಣವಿಲ್ಲದ ದಿಗಿಲು

ಹಾವನ್ನು ತುಳಿಯಹೋಗಿ ಕೂದಲೆಳೆಯಲ್ಲಿ ಪಾರಾದವನ ಎದೆ ಬಡಿದುಕೊಂಡರೆ ಅದನ್ನು ಯಾರೂ ರೋಗವೆನ್ನುವುದಿಲ್ಲ. ಎದುರಿಗೆ ಹಾವಿದೆ, ದಿಗಿಲಿಗೆ ಕಾರಣವಿದೆ. ಆದರೆ ಹಾವೂ ಇಲ್ಲ, ಹುಲಿಯೂ ಇಲ್ಲ. ಹದಿನೆಂಟು ವರ್ಷದ ಆರೋಗ್ಯವಂತ ವಿದ್ಯಾರ್ಥಿಯೊಬ್ಬನು ಬಸ್ಸಿನಲ್ಲಿ ಕಿಟಕಿಯ ಪಕ್ಕ ಸುಮ್ಮನೆ ಕುಳಿತಿದ್ದಾನೆ ಎಂದು ಭಾವಿಸೋಣ. ಇದ್ದಕ್ಕಿದ್ದಂತೆ ಅವನ ಎದೆ ಡವಡವನೆ ಹೊಡೆದುಕೊಳ್ಳತೊಡಗುತ್ತದೆ. ಉಸಿರು ಸಾಲದೆನಿಸುತ್ತದೆ. ಅಂಗೈ ಬೆವರುತ್ತದೆ, ಬೆರಳ ತುದಿಗಳಲ್ಲಿಯೂ ತುಟಿಯ ಸುತ್ತಲೂ ಜೋಮು ಹಿಡಿದಂತಾಗುತ್ತದೆ. ಸುತ್ತಲಿನ ಜನರು ಗಾಜಿನ ಗೋಡೆಯ ಆಚೆ ಇರುವವರಂತೆ ದೂರವಾಗಿ ತೋರುತ್ತಾರೆ. ಈಗಲೇ ಸತ್ತುಹೋಗುತ್ತೇನೆ ಎಂಬುದೊಂದೇ ಆಲೋಚನೆ ತಲೆಯನ್ನು ತುಂಬುತ್ತದೆ. ಮುಂದಿನ ನಿಲ್ದಾಣದಲ್ಲಿ ಇಳಿದು ಆಸ್ಪತ್ರೆಗೆ ಓಡುತ್ತಾನೆ. ಅಲ್ಲಿಗೆ ಮುಟ್ಟುವ ವೇಳೆಗೆ ಎಲ್ಲವೂ ಬಹುಮಟ್ಟಿಗೆ ಇಳಿದಿರುತ್ತದೆ. ಇ.ಸಿ.ಜಿ. ತೆಗೆದು ನೋಡಿದರೆ ಹೃದಯ ಸರಿಯಾಗಿದೆ. "ನಿನಗೇನೂ ಆಗಿಲ್ಲ, ಮನೆಗೆ ಹೋಗಪ್ಪ" ಎಂಬ ಮಾತು ಕೇಳಿ ಹಿಂದಿರುಗುತ್ತಾನೆ.

ಈ ಮಾತು ಅರ್ಧ ಮಾತ್ರ ಸತ್ಯ. ಹೃದಯಕ್ಕೆ ಏನೂ ಆಗಿಲ್ಲವೆಂಬುದು ದಿಟ. ಆದರೆ ಹುಡುಗನಿಗೆ ಆದದ್ದು ನಟನೆಯೂ ಅಲ್ಲ, ಬರಿಯ ಭ್ರಮೆಯೂ ಅಲ್ಲ. ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ನಾವು ಈ ಲೇಖನದಲ್ಲಿ ದಿಗಿಲಿನ ಉಬ್ಬರವೆಂದು ಕರೆಯೋಣ. ಏಕೆಂದರೆ ಕಡಲಿನ ಉಬ್ಬರದಂತೆ ಇದು ಏರುತ್ತದೆ, ಏರಿದ್ದು ತಾನಾಗಿಯೇ ಇಳಿಯುತ್ತದೆ. ಏರುವುದಕ್ಕೆ ಮಾತ್ರ ಕೆಲವೇ ನಿಮಿಷಗಳು ಸಾಕು. ಭೌತಶಾಸ್ತ್ರ ಹೇಳುವವರಿಗೆ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ಪರೀಕ್ಷೆಯ ದಿನಗಳಲ್ಲಿ ಪ್ರಯೋಗಶಾಲೆಯ ಬಾಗಿಲಲ್ಲಿ ಇಂತಹ ಮುಖಗಳನ್ನು ನಾವು ಕಾಣುತ್ತಲೇ ಇರುತ್ತೇವೆ ಎಂಬುದು ಒಂದು ಉತ್ತರ. ಈ ಲಕ್ಷಣಗಳಲ್ಲಿ ಹಲವು, ಅನಿಲಗಳ ಒತ್ತಡ ಮತ್ತು ದ್ರವಗಳ ಪ್ರವಾಹವನ್ನು ಬಲ್ಲವರಿಗೆ ಸುಲಭವಾಗಿ ಅರ್ಥವಾಗತಕ್ಕವು ಎಂಬುದು ಇನ್ನೊಂದು.

ಮೊದಲು ಎದೆಬಡಿತವನ್ನೇ ತೆಗೆದುಕೊಳ್ಳೋಣ. ಅಮೆರಿಕದ ಶರೀರಕ್ರಿಯಾವಿಜ್ಞಾನಿ ವಾಲ್ಟರ್ ಕ್ಯಾನನ್ ಎಂಬಾತನು 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನೋವು, ಹಸಿವು, ಭಯ, ಕೋಪ ಇವುಗಳ ಸಮಯದಲ್ಲಿ ದೇಹದೊಳಗೆ ನಡೆಯುವ ಮಾರ್ಪಾಡುಗಳನ್ನು ವಿವರಿಸಿದನು. ಅಪಾಯ ಎದುರಾದಾಗ ಪ್ರಾಣಿಯು ಕಾದಾಡಬೇಕು, ಇಲ್ಲವೆ ಓಡಬೇಕು. ಎರಡಕ್ಕೂ ಸ್ನಾಯುಗಳಿಗೆ ಹೆಚ್ಚು ರಕ್ತ, ಹೆಚ್ಚು ಸಕ್ಕರೆ, ಹೆಚ್ಚು ಆಮ್ಲಜನಕ ಬೇಕು. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಯುತ್ತವೆ. ಹೃದಯದ ವೇಗ ಹೆಚ್ಚುತ್ತದೆ. ಜೀರ್ಣಾಂಗಗಳ ಕೆಲಸ ಹಿಂದೆ ಬೀಳುತ್ತದೆ. ಹೊಟ್ಟೆಯ ತಳಮಳ, ವಾಕರಿಕೆಗಳು ಇದರ ಫಲ. ಚರ್ಮದ ರಕ್ತನಾಳಗಳು ಕಿರಿದಾಗಿ ಮುಖ ಬಿಳುಚುತ್ತದೆ, ಕೈಕಾಲು ತಣ್ಣಗಾಗುತ್ತವೆ. ಓಟದಿಂದ ಕಾಯಲಿರುವ ದೇಹವನ್ನು ತಂಪಾಗಿಡಲೆಂದು ಬೆವರು ಮುಂಚಿತವಾಗಿಯೇ ಒಸರುತ್ತದೆ. ಬಿಗಿದ ಸ್ನಾಯುಗಳು ನಡುಗುತ್ತವೆ. ಇವುಗಳಲ್ಲಿ ಯಾವುದೂ ದೇಹದ ಕೆಡುಕಲ್ಲ. ತಪ್ಪಿರುವುದು ಸಮಯ ಮಾತ್ರ. ಬೆಂಕಿ ಬೀಳದೆಯೇ ಬೆಂಕಿಯ ಗಂಟೆ ಮೊಳಗಿದೆ.

ಜೋಮು ಮತ್ತು ತಲೆಸುತ್ತುಗಳ ಕಥೆ ಇದಕ್ಕಿಂತ ವಿಚಿತ್ರವಾದುದು. ಉಸಿರು ಸಾಲದೆಂದು ಒದ್ದಾಡುವವನು ವಾಸ್ತವವಾಗಿ ಬೇಕಾದುದಕ್ಕಿಂತ ಹೆಚ್ಚು ಉಸಿರಾಡುತ್ತಿರುತ್ತಾನೆ! ಸುಮ್ಮನೆ ಕುಳಿತ ಮನುಷ್ಯನು ನಿಮಿಷಕ್ಕೆ 12 ರಿಂದ 16 ಸಲ, ಪ್ರತಿ ಸಲವೂ ಸುಮಾರು ಅರ್ಧ ಲೀಟರಿನಂತೆ, ಒಟ್ಟು 6 ರಿಂದ 8 ಲೀಟರು ಗಾಳಿಯನ್ನು ಒಳಗೆಳೆಯುತ್ತಾನೆ. ಇಷ್ಟರಿಂದಲೇ ಅವನ ಧಮನಿಗಳ ರಕ್ತದಲ್ಲಿರುವ ಹಿಮೋಗ್ಲೋಬಿನ್ ಶೇಕಡಾ 95ಕ್ಕೂ ಮೇಲ್ಪಟ್ಟು ಆಮ್ಲಜನಕದಿಂದ ತುಂಬಿರುತ್ತದೆ. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಹೊಯ್ದರೆ ಹಿಡಿಯುವುದೆಲ್ಲಿ? ಹೆಚ್ಚಾಗಿ ಉಸಿರಾಡುವುದರಿಂದ ಆಮ್ಲಜನಕ ಹೆಚ್ಚುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಕಳೆದುಹೋಗುತ್ತದೆ. ಧಮನಿಯ ರಕ್ತದಲ್ಲಿ ಈ ಅನಿಲದ ಒತ್ತಡ ಸಾಮಾನ್ಯವಾಗಿ ಪಾದರಸದ 40 ಮಿಲಿಮೀಟರಿನಷ್ಟು. ದೇಹದಲ್ಲಿ ಅದರ ಉತ್ಪತ್ತಿ ಒಂದೇ ಸಮನಾಗಿರುವಾಗ ಶ್ವಾಸಕೋಶದ ಗಾಳಿಗೂಡುಗಳಿಗೆ ಹೋಗುವ ಗಾಳಿ ಇಮ್ಮಡಿಯಾದರೆ ಒತ್ತಡ ಕ್ರಮೇಣ ಅರ್ಧಕ್ಕೆ, ಎಂದರೆ 20 ಮಿಲಿಮೀಟರಿಗೆ ಇಳಿಯುತ್ತದೆ.

ಇಂಗಾಲದ ಡೈಆಕ್ಸೈಡ್ ಕೇವಲ ಹೊರಹಾಕಬೇಕಾದ ಕಸವೆಂದು ಶಾಲೆಯಲ್ಲಿ ಕಲಿತವರಿಗೆ ಮುಂದಿನ ಸಂಗತಿ ಆಶ್ಚರ್ಯವನ್ನುಂಟುಮಾಡಬಹುದು. ಮಿದುಳಿನ ರಕ್ತನಾಳಗಳು ಎಷ್ಟು ಅಗಲವಾಗಿರಬೇಕೆಂಬುದನ್ನು ನಿರ್ಧರಿಸುವಲ್ಲಿ ಈ ಅನಿಲದ ಪಾತ್ರ ಬಹಳ ದೊಡ್ಡದು. ಅದರ ಒತ್ತಡ ಒಂದು ಮಿಲಿಮೀಟರು ಇಳಿದರೆ ಮಿದುಳಿಗೆ ಹರಿಯುವ ರಕ್ತ ಸುಮಾರು ಶೇಕಡಾ 2 ರಿಂದ 4ರಷ್ಟು ಕಡಮೆಯಾಗುತ್ತದೆ. ತಲೆ ಹಗುರಾಗುವುದು, ಕಣ್ಣು ಮಂಜಾಗುವುದು, ಸುತ್ತಲಿನ ಲೋಕ ಸುಳ್ಳೆನ್ನುವಂತೆ ತೋರುವುದು, ಇವಕ್ಕೆಲ್ಲ ಮುಖ್ಯವಾದ ಒಂದು ಕಾರಣ ಇದು. ಜೊತೆಗೆ ರಕ್ತದ ಕ್ಷಾರಗುಣ ಹೆಚ್ಚಿ, ಅದರಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಅಯಾನುಗಳ ಪ್ರಮಾಣ ತಗ್ಗುತ್ತದೆ. ನರಗಳು ಸಣ್ಣ ಪ್ರಚೋದನೆಗೂ ಮಿಡಿಯತೊಡಗುತ್ತವೆ. ತುಟಿಯ ಸುತ್ತಲಿನ ಜೋಮು, ಕೆಲವೊಮ್ಮೆ ಬೆರಳುಗಳು ಸೆಟೆದುಕೊಳ್ಳುವುದು ಇದರಿಂದ. ಒಂದರ ಮೇಲೊಂದು ಬಲೂನುಗಳನ್ನು ಊದಿದವರಿಗೂ ಊದುಗೊಳವೆಯಿಂದ ಒಂದೇ ಸಮನೆ ಒಲೆಯನ್ನು ಊದಿದವರಿಗೂ ಇದರ ಸಣ್ಣ ಅನುಭವ ಆಗಿರಲೇಬೇಕು. ಹಳ್ಳಿಗಳಲ್ಲಿ ಹೀಗಾದವರನ್ನು ಕಂಡು ಗಾಳಿ ಸೋಕಿದೆ ಎನ್ನುವುದುಂಟು. ಸೋಕಿರುವುದು ಗಾಳಿಯೇ ಹೌದು; ಆದರೆ ಅದು ತಾನೇ ಎಳೆದುಕೊಂಡ ಗಾಳಿ.

ಹಾಗಾದರೆ ಇಷ್ಟು ಬೇಗ, ಇಷ್ಟು ಎತ್ತರಕ್ಕೆ ಈ ಉಬ್ಬರ ಏರುವುದು ಹೇಗೆ? ರಾಜ್ಯೋತ್ಸವದ ಸಭೆಯಲ್ಲಿ ಧ್ವನಿವರ್ಧಕವು ಒಮ್ಮೊಮ್ಮೆ ಕಿವಿ ಹರಿಯುವಂತೆ ಕೂಗುವುದನ್ನು ಎಲ್ಲರೂ ಕೇಳಿದ್ದೇವೆ. ಮೈಕಿಗೆ ಸಣ್ಣದೊಂದು ಸದ್ದು ಬೀಳುತ್ತದೆ. ಅದು ಹಿಗ್ಗಿ ಹೊರಬರುತ್ತದೆ. ಹೊರಬಂದ ಸದ್ದೇ ಮತ್ತೆ ಮೈಕಿಗೆ ಬೀಳುತ್ತದೆ. ಪ್ರತಿ ಸುತ್ತಿನಲ್ಲಿಯೂ ಸದ್ದು ತುಸು ಹೆಚ್ಚುವುದಾದರೆ ಕ್ಷಣಮಾತ್ರದಲ್ಲಿ ಪಿಸುಮಾತು ಕೂಗಾಗುತ್ತದೆ. ಇಂಗ್ಲೆಂಡಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ದಿಗಿಲಿನ ಉಬ್ಬರಕ್ಕೆ ಇಂತಹುದೇ ಒಂದು ಸುತ್ತನ್ನು ಸೂಚಿಸಿದರು. ಮೆಟ್ಟಿಲು ಹತ್ತಿದ್ದರಿಂದಲೋ, ಎರಡು ಲೋಟ ಕಾಫಿ ಹೆಚ್ಚಾಗಿ ಕುಡಿದದ್ದರಿಂದಲೋ, ನಿದ್ದೆಗೆಟ್ಟದ್ದರಿಂದಲೋ ಎದೆ ತುಸು ಬೇಗ ಬಡಿಯುತ್ತದೆ. ಇದು ಹೃದಯಾಘಾತವೇ ಇರಬೇಕೆಂದು ಮನಸ್ಸು ಅರ್ಥ ಮಾಡುತ್ತದೆ. ಆ ಅರ್ಥದಿಂದ ಭಯ, ಭಯದಿಂದ ಅಡ್ರಿನಲಿನ್, ಅದರಿಂದ ಎದೆಬಡಿತ ಮತ್ತೂ ಹೆಚ್ಚು. "ನೋಡು, ನಾನು ಅಂದುಕೊಂಡದ್ದೇ ನಿಜ" ಎಂದು ಮನಸ್ಸು ಒಪ್ಪಿಕೊಳ್ಳುತ್ತದೆ. ಆದರೆ ವರ್ಧಕದ ಶಕ್ತಿಗೆ ಮಿತಿಯಿರುವಂತೆ ದೇಹಕ್ಕೂ ಮಿತಿಯಿದೆ. ರಕ್ತಕ್ಕೆ ಸೇರಿದ ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ಸವೆದುಹೋಗುತ್ತದೆ. ಆದುದರಿಂದಲೇ ಉಬ್ಬರವು ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ತುದಿ ಮುಟ್ಟಿ ಇಳಿಮುಖವಾಗುತ್ತದೆ. ಮೂರ್ಛೆ ಹೋಗುತ್ತೇನೆಂಬ ಹೆದರಿಕೆ ಬಹುಮಂದಿಗೆ ಇರುತ್ತದೆ. ಈ ಸಮಯದಲ್ಲಿ ರಕ್ತದ ಒತ್ತಡ ಸಾಧಾರಣವಾಗಿ ಏರಿರುವ ಕಾರಣ ಹಾಗೆ ಬೀಳುವವರು ವಿರಳ.

ಇದನ್ನು ಓದಿ, ಎಲ್ಲವೂ ಮನಸ್ಸಿನ ತಪ್ಪು ತಿಳಿವಳಿಕೆಯ ಫಲವೆಂದು, ಗಟ್ಟಿ ಮನಸ್ಸಿನವರಿಗೆ ಇದು ಬಾರದೆಂದು ಯಾರಾದರೂ ತೀರ್ಮಾನಿಸಿದರೆ ಅವರಿಗಾಗಿ ಒಂದು ಪ್ರಯೋಗವನ್ನು ಹೇಳಬೇಕು. ಮಿದುಳಿನಲ್ಲಿ ಅಮಿಗ್ಡಲ ಎಂಬ ಬಾದಾಮಿಯಾಕಾರದ ಜೋಡಿ ಭಾಗವೊಂದುಂಟು. ಹೊರಗಿನ ಅಪಾಯಗಳಿಗೆ ಹೆದರುವುದಕ್ಕೆ ಅದು ಬಹಳ ಮುಖ್ಯ. ಅಪರೂಪದ ಕಾಯಿಲೆಯಿಂದ ಎರಡೂ ಕಡೆಯ ಅಮಿಗ್ಡಲಗಳು ಹಾಳಾಗಿದ್ದ ಮೂವರನ್ನು ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ಅವರಲ್ಲಿ ಒಬ್ಬ ಮಹಿಳೆ ಹಾವು ಜೇಡಗಳಿಗೂ ಹೆದರದವಳೆಂದು ವಿಜ್ಞಾನಲೋಕದಲ್ಲಿ ಪ್ರಸಿದ್ಧಳಾಗಿದ್ದಳು. ಶೇಕಡಾ 35ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನು ಒಂದೇ ಒಂದು ಸಲ ಸೇದಿಸಿದಾಗ ಮೂವರೂ ದಿಗಿಲಿನಿಂದ ಕಂಗೆಟ್ಟರು. ಉಸಿರುಕಟ್ಟುವುದರ ಎಚ್ಚರಿಕೆಯು ದೇಹದ ಒಳಗಿನಿಂದಲೇ, ಬೇರೊಂದು ದಾರಿಯಿಂದ ಬರಬಲ್ಲದೆಂದು ಇದರಿಂದ ತಿಳಿಯಿತು. ಕೆಲವರಲ್ಲಿ ಈ ಎಚ್ಚರಿಕೆಯ ಯಂತ್ರ ಅತಿ ಸೂಕ್ಷ್ಮವಾಗಿದ್ದು ಸುಳ್ಳುಸುಳ್ಳೇ ಮೊಳಗುತ್ತದೆಯೆಂದು ಡೊನಾಲ್ಡ್ ಕ್ಲೈನ್ ಎಂಬ ಮನೋವೈದ್ಯರು 1993ರಲ್ಲಿ ಊಹಿಸಿದ್ದರು. ನಿದ್ದೆಯಲ್ಲಿದ್ದವರೂ ಈ ಉಬ್ಬರದಿಂದ ಎಚ್ಚೆತ್ತು ಕೂರುವುದುಂಟು. ನಿದ್ರಿಸುವವನ ಮನೋಬಲವನ್ನು ಯಾರು ತಾನೆ ಅಳೆಯಬಲ್ಲರು?

ಇನ್ನು ಗುರುತಿಸುವ ಬಗೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು 13 ಲಕ್ಷಣಗಳನ್ನು ಎಣಿಸುತ್ತದೆ. ಮೇಲೆ ಬಂದಿರುವ ಎದೆಬಡಿತ, ಬೆವರು, ನಡುಕ, ಉಸಿರಿನ ಕೊರತೆ, ವಾಕರಿಕೆ, ತಲೆಸುತ್ತು, ಜೋಮು, ಲೋಕ ದೂರವಾದಂತೆ ತೋರುವುದು, ಸಾವಿನ ಭಯ ಇವುಗಳ ಜೊತೆಗೆ ಗಂಟಲು ಕಟ್ಟಿದಂತಾಗುವುದು, ಎದೆನೋವು, ಚಳಿ ಅಥವಾ ಬಿಸಿ ಹಾಯುವುದು, ಹುಚ್ಚು ಹಿಡಿಯುವುದೆಂಬ ಭಯ ಇವೂ ಸೇರಿವೆ. ಇವುಗಳಲ್ಲಿ ನಾಲ್ಕಾದರೂ ಥಟ್ಟನೆ ಒಟ್ಟಿಗೆ ಬಂದು ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿದರೆ ಅದು ದಿಗಿಲಿನ ಉಬ್ಬರ. ಆತಂಕದ ರೀತಿ ಬೇರೆ. ಅದು ಉಬ್ಬರವಲ್ಲ, ಬಿಡದ ಜಿಟಿಜಿಟಿ ಮಳೆ. ಅಂಕ, ಹಣ, ಮನೆಯವರ ಆರೋಗ್ಯ ಎಂದು ಒಂದರಿಂದ ಇನ್ನೊಂದಕ್ಕೆ ಹಾರುವ ಚಿಂತೆ, ಬಿಗಿದ ಹೆಗಲು, ಸಿಡುಕು, ದಣಿವು, ಓದಿದ್ದು ತಲೆಗೆ ಹತ್ತದಿರುವುದು, ಬಾರದ ನಿದ್ದೆ. ಇದು ಆರು ತಿಂಗಳ ಕಾಲ ಹೆಚ್ಚಿನ ದಿನಗಳಲ್ಲಿ ಹಿಡಿದುಕೊಂಡಿದ್ದರೆ ವೈದ್ಯರು ಅದನ್ನು ಕಾಯಿಲೆಯೆಂದೇ ಎಣಿಸುತ್ತಾರೆ.

ಒಂದೆರಡು ಸಲ ಉಬ್ಬರ ಬಂದುಹೋದರೆ ಅದೇ ರೋಗವಲ್ಲ. ಹಾನಿಯಾಗುವುದು ಮುಂದಿನ ಹೆಜ್ಜೆಯಲ್ಲಿ. ನಮ್ಮ ವಿದ್ಯಾರ್ಥಿಯು ಮತ್ತೆ ಬಂದೀತೆಂದು ಹೆದರಿ ಆ ಬಸ್ಸನ್ನು ಬಿಡುತ್ತಾನೆ, ಬಳಿಕ ಎಲ್ಲ ಬಸ್ಸುಗಳನ್ನೂ ಬಿಡುತ್ತಾನೆ, ಬಳಿಕ ಜನ ತುಂಬಿದ ತರಗತಿಯನ್ನು, ಕೊನೆಗೆ ಕಾಲೇಜನ್ನೇ. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಮನಸ್ಸಿಗೆ ಸಮಾಧಾನ ಸಿಗುವುದರಿಂದ, ತಪ್ಪಿಸಿಕೊಂಡದ್ದಕ್ಕೇ ಬದುಕಿದೆನೆಂಬ ನಂಬಿಕೆ ಬಲವಾಗುತ್ತದೆ. ಮನೆಯವರು ಸೋಮಾರಿತನವೆಂದು ಬೈಯುತ್ತಾರೆ. ಲಕ್ಷಣಗಳನ್ನು ಮೊದಲೇ ಗುರುತಿಸಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ಆದರೂ ಒಂದು ಎಚ್ಚರಿಕೆ ಅಗತ್ಯ. ಮೊದಲ ಸಲ ಹೀಗಾದಾಗ ಇದು ದಿಗಿಲೇ ಎಂದು ತಾನೇ ತೀರ್ಪು ಕೊಟ್ಟುಕೊಳ್ಳಕೂಡದು. ಥೈರಾಯ್ಡ್ ಗ್ರಂಥಿಯ ಅತಿಕೆಲಸ, ರಕ್ತದಲ್ಲಿ ಸಕ್ಕರೆಯ ಇಳಿತ, ಉಬ್ಬಸ, ಹೃದಯದ ತಾಳ ತಪ್ಪುವಿಕೆ ಇವೂ ಇಂತಹ ಲಕ್ಷಣಗಳನ್ನೇ ತೋರಿಸಬಹುದು. ವೈದ್ಯರು ಪರೀಕ್ಷಿಸಿ ಅವನ್ನು ಬೇರ್ಪಡಿಸಬೇಕು. ಶ್ರಮದಿಂದ ಹೆಚ್ಚುವ, ಎದೆಯನ್ನು ಒತ್ತಿ ಹಿಡಿದಂತಾಗಿ ತೋಳಿಗೋ ದವಡೆಗೋ ಹಬ್ಬುವ ನೋವಾಗಲಿ, ಓಡುವಾಗ ಬರುವ ಮೂರ್ಛೆಯಾಗಲಿ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡತಕ್ಕದ್ದು. ಕಾಗದದ ಚೀಲದೊಳಗೆ ಉಸಿರಾಡಿಸುವ ಹಳೆಯ ಪದ್ಧತಿಯನ್ನು ಈಗ ಕೈಬಿಡಲಾಗಿದೆ. ಇರುವುದು ಹೃದಯದ ಅಥವಾ ಶ್ವಾಸಕೋಶದ ರೋಗವಾಗಿದ್ದರೆ ಅದರಿಂದ ಪ್ರಾಣಕ್ಕೇ ಅಪಾಯ.

ಉಬ್ಬರವೆಂದು ವೈದ್ಯರಿಂದ ಖಚಿತವಾದ ಮೇಲೆ ಮಾಡಬೇಕಾದುದು ಸರಳ. ಉಸಿರನ್ನು ಮೂಗಿನಿಂದ ಮೆಲ್ಲಗೆ ಎಳೆದು, ಎಳೆದುದಕ್ಕಿಂತ ನಿಧಾನವಾಗಿ ಹೊರಬಿಡುವುದು. ಓಡಿಹೋಗದೆ ಇದ್ದಲ್ಲಿಯೇ ಇದ್ದು ಇಳಿತಕ್ಕೆ ಕಾಯುವುದು. ಪಕ್ಕದಲ್ಲಿರುವ ಗೆಳೆಯರು ಗುಂಪುಗೂಡದೆ ಒಬ್ಬರು ಹತ್ತಿರ ಕುಳಿತು, ಇದು ಕೆಲವು ನಿಮಿಷಗಳಲ್ಲಿ ಇಳಿಯುತ್ತದೆಂದು ಮೆಲುದನಿಯಲ್ಲಿ ಹೇಳುತ್ತಿದ್ದರೆ ಸಾಕು. ಪದೇ ಪದೇ ಬರುತ್ತಿದ್ದರೆ ಚಿಕಿತ್ಸೆಯಿದೆ. ತಪ್ಪು ಅರ್ಥವನ್ನು ತಿದ್ದಿ, ಬಿಟ್ಟುಬಿಟ್ಟ ಬಸ್ಸನ್ನು ಹಂತಹಂತವಾಗಿ ಮತ್ತೆ ಹತ್ತಿಸುವ ಮಾತಿನ ಚಿಕಿತ್ಸೆ ಒಂದು, ಔಷಧ ಇನ್ನೊಂದು. ಎರಡರಿಂದಲೂ ಗುಣವಾಗುವವರೇ ಹೆಚ್ಚು. ನಿದ್ದೆಯ ಮಾತ್ರೆಗಳನ್ನು ಅಂಗಡಿಯಿಂದ ತಾನೇ ತಂದು ನುಂಗುವುದು ಮಾತ್ರ ಸಲ್ಲದು. ಅವು ಬೇಗ ಚಟವಾಗುತ್ತವೆ. ಯಾರಲ್ಲಿ ಕೇಳಬೇಕೆಂದು ತೋಚದವರಿಗೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ದೂರವಾಣಿ ಸೇವೆಯುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಹಗಲಿರುಳೆನ್ನದೆ ಕನ್ನಡದಲ್ಲಿಯೇ ಮಾತನಾಡಬಹುದು.