ಬೇಚಿರಾಕ್ ಬೇರೆ, ಸವಳು ಬೇರೆ

ಪಹಣಿ ತೆಗೆಸಲು ಹೋದಾಗ 'ಅದು ಬೇಚಿರಾಕ್ ಗ್ರಾಮ ರೀ' ಅನ್ನೋ ಮಾತು ಕೇಳಿರ್ತೀರಿ. ಪಾರ್ಸಿಯಲ್ಲಿ 'ಬೇ' ಅಂದ್ರೆ ಇಲ್ಲದ, 'ಚಿರಾಗ್' ಅಂದ್ರೆ ದೀಪ. ಸಂಜೆ ದೀಪ ಹಚ್ಚೋರೇ ಇಲ್ಲದ ಊರು. ಸೀಮೆ ಅದ, ಸರ್ವೆ ನಂಬರ್ ಅದ, ಮನಿ ಮಾತ್ರ ಇಲ್ಲ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ರಾಯಚೂರು ಸೀಮೆಯ ಕಂದಾಯ ಮಾತಿನಲ್ಲಿ ಇಂಥ ಪಾರ್ಸಿ ಪದ ಬಹಳ.

ಬೇಚಿರಾಕ್ ಅಂದ್ರೆ ಜನವಸತಿ ಇಲ್ಲ ಅಂತ ಅಷ್ಟೇ, ಭೂಮಿ ಹಾಳು ಅಂತಲ್ಲ. ಪಕ್ಕದ ಊರಿನವರು ಅಲ್ಲಿ ಬಿತ್ತಿ ಬೆಳೀತಾರ. ಬೆಳೆ ವಿಮೆ, ಸಾಲದ ಅರ್ಜಿಯಲ್ಲಿ ಜಮೀನಿನ ಗ್ರಾಮ ಅಂತ ಕೇಳಿದಲ್ಲಿ ನೀವು ಇರೋ ಊರಲ್ಲ, ಪಹಣಿಯಲ್ಲಿರುವ ಹೆಸರೇ ಬರೀರಿ.

ಬೆಳೆಗೇ ಬದುಕಲು ಆಗದ ನೆಲಕ್ಕೆ ನಾವು ಅನ್ನೋದು ಸವಳು. ಪೋತ್ನಾಳ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಅದ. ಭತ್ತದ ಮೇಲೆ ಭತ್ತ ಹಾಕಿ, ಬಸಿಗಾಲುವೆ ಮುಚ್ಚಿದ್ರೆ ಕಪ್ಪು ಮಣ್ಣಿನಲ್ಲಿ ನೀರು ನಿಂತು ಉಪ್ಪು ಮೇಲೇರ್ತದ. ಬಿಳಿ ಪೊರೆ ಕಂಡ ಕೂಡಲೇ ಹೊಲ ಬೀಳು ಬಿಡಬ್ಯಾಡ್ರಿ, ಅಗ್ಗಕ್ಕೆ ಮಾರಬ್ಯಾಡ್ರಿ.

ಮೊದಲು ಮಣ್ಣು ಪರೀಕ್ಷೆ:

• ಉಪ್ಪಿನಂಶ ಹೆಚ್ಚಿದ್ದು ರಸಸಾರ 8.5ರ ಒಳಗಿದ್ರೆ: ಬಸಿಗಾಲುವೆ ತೆಗೆದು ಒಳ್ಳೆ ನೀರಿನಿಂದ ಉಪ್ಪು ತೊಳೀರಿ.
• ರಸಸಾರ 8.5 ದಾಟಿ ಸೋಡಿಯಂ ಹೆಚ್ಚಿದ್ರೆ: ವರದಿ ಹೇಳಿದಷ್ಟು ಜಿಪ್ಸಂ ಹಾಕಿ, ಆಮೇಲೆ ನೀರು ಬಸಿಯಲು ಬಿಡ್ರಿ.
• ಎರಡಕ್ಕೂ: ಡಯಾಂಚ ಬಿತ್ತಿ ಸುಮಾರು 45 ದಿನಕ್ಕೆ, ಹೂ ಬಿಡೋ ಹೊತ್ತಿಗೆ, ಮಣ್ಣಿಗೆ ಸೇರಿಸ್ರಿ.

ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗಲೇ ಮಣ್ಣಿನ ಮಾದರಿ ತೆಗೀರಿ. ಮುಂಗಾರಿಗೆ ಮುಂಚೆ ವರದಿ ಕೈಯಲ್ಲಿರಲಿ.