ಟೆಸ್ಟ್ ಒಂದೇ, ಸೆಟ್ಟಿಂಗ್ ಹಲವು

ಫೋನಿನಲ್ಲಿ ಹೊಸ ನಂಬರು ಉಳಿಸಿದರೆ ಆ ಹೆಸರು ಹೋಗಿ ಕೂರುವುದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನಲ್ಲಿ. ಅಮೆರಿಕದ ರಿಚರ್ಡ್ ಹಿಪ್ 2000ದಲ್ಲಿ ಶುರುಮಾಡಿದ ಈ ತಂತ್ರಾಂಶ ಇಂದು ಆಂಡ್ರಾಯ್ಡ್, ಐಫೋನ್‌ಗಳಲ್ಲೂ ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳಲ್ಲೂ ಇದೆ. ಅದರ ಕೋಡ್ ಸುಮಾರು ಒಂದೂವರೆ ಲಕ್ಷ ಸಾಲು. ಅದನ್ನು ಪರೀಕ್ಷಿಸುವ ಕೋಡ್ ಅದರ ಐನೂರು ಪಟ್ಟಿಗೂ ಹೆಚ್ಚು. ಈ ಲೆಕ್ಕ ಬೆರಗು ಹುಟ್ಟಿಸುತ್ತದೆ, ನಿಜ. ಆದರೆ ಬರೆದ ಟೆಸ್ಟುಗಳನ್ನೇ ಮತ್ತೆ ಮತ್ತೆ ದುಡಿಸಿಕೊಳ್ಳುವ ಅವರ ಜಾಣತನ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಯೂನಿಟ್ ಟೆಸ್ಟ್ ಎಂದರೆ ತಂತ್ರಾಂಶದ ಒಂದು ತುಂಡಿಗೆ ಹಾಕುವ ಚಿಕ್ಕ ಪ್ರಶ್ನೆ. ಮೂರು ಹೆಸರು ಸೇರಿಸು, ಒಂದನ್ನು ಅಳಿಸು, ಈಗ ಎಷ್ಟು ಉಳಿದವು? ಎರಡು ಎಂದರೆ ಪಾಸು. ಕೇಳುವುದೂ ತಾಳೆ ನೋಡುವುದೂ ಕಂಪ್ಯೂಟರೇ.

ಆದರೆ ಈ ಪ್ರಶ್ನೆ ಕೇಳುವಾಗ ಡೇಟಾಬೇಸ್ ಯಾವ ಸ್ಥಿತಿಯಲ್ಲಿತ್ತು? ಎಸ್‌ಕ್ಯೂಲೈಟ್ ತನ್ನ ಕಡತವನ್ನು ಪುಟಗಳಾಗಿ ಹಂಚಿಕೊಳ್ಳುತ್ತದೆ. ಒಂದು ಪುಟ 512 ಬೈಟಿನಿಂದ 65,536 ಬೈಟಿನವರೆಗೆ ಎಷ್ಟಾದರೂ ಇರಬಹುದು, ಪ್ರತಿ ಹಂತದಲ್ಲೂ ದುಪ್ಪಟ್ಟಾಗುತ್ತ. ಅಕ್ಷರಗಳನ್ನು ಬರೆದಿಡುವುದಕ್ಕೂ ಮೂರು ಬಗೆ. ನಮ್ಮ ‘ಕ’ ಯುಟಿಎಫ್-8ರಲ್ಲಿ ಮೂರು ಬೈಟ್ ನುಂಗುತ್ತದೆ, ಯುಟಿಎಫ್-16ರಲ್ಲಿ ಎರಡೇ. ಆ ಎರಡರಲ್ಲಿ ಯಾವುದು ಮೊದಲು ಎಂಬುದರ ಮೇಲೆ ಮತ್ತೆ ಎರಡು ಪದ್ಧತಿ. ಬರೆಯುವಾಗಲೇ ಬ್ಯಾಟರಿ ಸತ್ತರೆ ದತ್ತಾಂಶ ಕೆಡದಿರಲಿ ಎಂದು ಇಡುವ ಜರ್ನಲ್‌ಗೂ ಹಲವು ವಿಧಾನಗಳಿವೆ. ಇವುಗಳಲ್ಲಿ ಏನನ್ನೇ ಆರಿಸಿಕೊಂಡರೂ ಉತ್ತರ ಮಾತ್ರ ಎರಡೇ ಆಗಿರಬೇಕು.

ಹೆಚ್ಚಿನ ಕಡೆ ಮಾಮೂಲಿ ಸೆಟ್ಟಿಂಗಿನಲ್ಲಿ ಒಮ್ಮೆ ಓಡಿಸಿ ಕೈತೊಳೆದುಕೊಳ್ಳುತ್ತಾರೆ. ಇಲ್ಲವೇ ಒಂದೊಂದು ಸೆಟ್ಟಿಂಗಿಗೆ ಒಂದೊಂದು ನಕಲು ಮಾಡಿಡುತ್ತಾರೆ. ಮೂಲವನ್ನು ತಿದ್ದಿದ ದಿನ ನಕಲುಗಳಲ್ಲಿ ಒಂದೆರಡು ಮರೆತೇ ಹೋಗುತ್ತವೆ. ಎಸ್‌ಕ್ಯೂಲೈಟ್ ತಂಡದ ಟಿಎಚ್3 ಎಂಬ ವ್ಯವಸ್ಥೆಯಲ್ಲಿ ಟೆಸ್ಟುಗಳೇ ಬೇರೆ ಕಡತ, ಸೆಟ್ಟಿಂಗುಗಳೇ ಬೇರೆ ಕಡತ. ಎರಡನ್ನೂ ಹೆಣೆದು ಓಡಬಲ್ಲ ಪ್ರೋಗ್ರಾಂ ಮಾಡಿಕೊಡುವುದು ಒಂದು ಸ್ಕ್ರಿಪ್ಟು. ಪುಟದ ಗಾತ್ರ ಎಷ್ಟೆಂಬುದು ಟೆಸ್ಟಿಗೆ ಗೊತ್ತೇ ಇರುವುದಿಲ್ಲ. 2010ರಲ್ಲಿ ‘ವಾಲ್’ ಎಂಬ ಹೊಸ ಜರ್ನಲ್ ವಿಧಾನ ಎಸ್‌ಕ್ಯೂಲೈಟಿಗೆ ಬಂತು. ಇಂಥದ್ದೊಂದು ಬಂದಾಗ ಒಂದು ಸೆಟ್ಟಿಂಗ್ ಕಡತ ಬರೆದರಾಯಿತು, ಹಳೆಯ ಟೆಸ್ಟುಗಳೂ ಅದರ ಮೇಲೆ ಓಡುತ್ತವೆ.

ಇದಕ್ಕೆ ಟೆಸ್ಟ್ ಬರೆಯುವವರಲ್ಲಿ ಶಿಸ್ತು ಬೇಕು. ‘ಕಡತ 4,096 ಬೈಟ್ ಇದೆಯೇ?’ ಎಂದು ಕೇಳುವ ಟೆಸ್ಟ್ ಒಂದು ಸೆಟ್ಟಿಂಗಿಗೆ ತನ್ನನ್ನೇ ಕಟ್ಟಿಹಾಕಿಕೊಂಡಂತೆ. ಇನ್ನು ಕೆಲವಕ್ಕೆ ನಿಜಕ್ಕೂ ಕೆಲವು ಸೆಟ್ಟಿಂಗ್ ಒಗ್ಗುವುದಿಲ್ಲ. ಹಾಗಾಗಿ ಟಿಎಚ್3ರಲ್ಲಿ ಪ್ರತಿ ಟೆಸ್ಟಿನ ತಲೆಯಲ್ಲೇ ಯಾವ ಗುಣ ಇರಲೇಬೇಕು, ಯಾವುದು ಇರಕೂಡದು ಎಂದು ಬರೆಯಲು ಜಾಗವಿದೆ. ಒಗ್ಗದ ಜೋಡಿ ಓಡುವುದಿಲ್ಲ. ಹೀಗೆ ಮಾಡದೆ ಸುಳ್ಳು ಸೋಲುಗಳನ್ನು ಪರದೆಯ ಮೇಲೆ ಬಿಟ್ಟರೆ ವಾರದೊಳಗೆ ಯಾರೂ ಕೆಂಪು ಗುರುತನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ನನಗೆ ಅತ್ಯಂತ ಹಿಡಿಸಿದ್ದು ಇನ್ನೊಂದು ಉಪಾಯ. ಹುಡುಕಾಟ ಬೇಗ ಮುಗಿಯಲೆಂದು ಎಸ್‌ಕ್ಯೂಲೈಟ್ ಹತ್ತಾರು ಅಡ್ಡದಾರಿ ಹಿಡಿಯುತ್ತದೆ. ಪರೀಕ್ಷಿಸುವವರು ಆ ಅಡ್ಡದಾರಿಗಳನ್ನು ಮುಚ್ಚಿ ಅದೇ ಟೆಸ್ಟುಗಳನ್ನು ಮತ್ತೆ ಓಡಿಸುತ್ತಾರೆ. ಕೆಲಸ ನಿಧಾನವಾದರೆ ಆಗಲಿ, ಉತ್ತರ ಬದಲಾಗಕೂಡದು. ಬದಲಾಯಿತೋ, ಎರಡರಲ್ಲಿ ಒಂದಂತೂ ತಪ್ಪು. ಸರಿಯುತ್ತರ ಏನೆಂದು ಯಾರಿಗೂ ಮುಂಚಿತವಾಗಿ ಗೊತ್ತಿರಬೇಕಿಲ್ಲ! ಲಕ್ಷಾಂತರ ದಾಖಲೆಗಳ ಮೇಲಿನ ಪ್ರಶ್ನೆಗೆ ಕೈಲೆಕ್ಕದಲ್ಲಿ ಉತ್ತರ ಹೇಳುವವರಾದರೂ ಯಾರು? ಎರಡೂ ದಾರಿ ಒಂದೇ ತಪ್ಪು ಮಾಡಿದರೆ ಮಾತ್ರ ಈ ಉಪಾಯ ಕೈಕೊಡುತ್ತದೆ.

ಇನ್ನು ಸಂಖ್ಯೆಗಳ ಕಾಟ. ಆನ್-ಆಫ್ ಮಾಡಬಲ್ಲ ಹತ್ತು ಸೆಟ್ಟಿಂಗ್ ಇದ್ದರೆ 1,024 ಸಂಯೋಜನೆ, ಇಪ್ಪತ್ತಾದರೆ 10,48,576. ಎಲ್ಲವನ್ನೂ ಓಡಿಸುತ್ತ ಕೂರಲಾಗದು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ರಿಚರ್ಡ್ ಕುನ್ ಮತ್ತು ಸಂಗಡಿಗರು ಹಲವು ಬಗೆಯ ತಂತ್ರಾಂಶಗಳ ದೋಷಗಳನ್ನು ಜಾಲಾಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚಿನವು ಒಂದೋ ಎರಡೋ ಅಂಶ ಸೇರಿದಾಗಲೇ ತಲೆದೋರಿದ್ದವು. ಆರಕ್ಕಿಂತ ಹೆಚ್ಚು ಸೇರಬೇಕಾದ ದೋಷ ಅವರಿಗೆ ಸಿಗಲಿಲ್ಲ. ಹಾಗಾದರೆ ಯಾವುದೇ ಎರಡು ಸೆಟ್ಟಿಂಗಿನ ನಾಲ್ಕೂ ಜೋಡಿ ಒಮ್ಮೆಯಾದರೂ ಬಂದುಹೋದರೆ ದೊಡ್ಡ ಪಾಲು ಕೆಲಸವಾದಂತೆ. ಜಾಣತನದಿಂದ ಆರಿಸಿದರೆ ಹತ್ತು ಸೆಟ್ಟಿಂಗಿಗೆ 1,024ರ ಬದಲು ಬರೀ ಆರು ಸುತ್ತು ಸಾಕು, ಇಪ್ಪತ್ತಕ್ಕೆ ಎಂಟು.

ಮೂರು ಸೆಟ್ಟಿಂಗ್ ಕೂಡಿ ಮಾಡುವ ಕಿತಾಪತಿ ಈ ಬಲೆಯಿಂದ ನುಸುಳಿಹೋಗಬಹುದು. ಲ್ಯೂಸೀನ್ ಎಂಬ ಹುಡುಕಾಟದ ತಂತ್ರಾಂಶದವರು ಅದೃಷ್ಟವನ್ನೇ ಕೆಲಸಕ್ಕೆ ಹಚ್ಚಿದ್ದಾರೆ. ಅಲ್ಲಿ ಪ್ರತಿ ಸಲವೂ ಭಾಷೆ, ಸಮಯವಲಯ ಮುಂತಾದವನ್ನು ಕಂಪ್ಯೂಟರ್ ಚೀಟಿ ಎತ್ತಿ ಆರಿಸುತ್ತದೆ. ಒಂದು ಸಲ ಟರ್ಕಿಶ್ ಬಂದೀತು. ಆ ಭಾಷೆಯಲ್ಲಿ ದೊಡ್ಡ ‘ಐ’ ಅಕ್ಷರವನ್ನು ಚಿಕ್ಕದು ಮಾಡಿದರೆ ತಲೆಯ ಮೇಲೆ ಚುಕ್ಕೆ ಬರುವುದಿಲ್ಲ; ಇಂಗ್ಲಿಷಿನ ರೂಢಿಯನ್ನೇ ನಂಬಿ ಬರೆದ ಕೋಡ್ ಅಲ್ಲೇ ಮುಗ್ಗರಿಸುತ್ತದೆ. ಸೋತ ಸುತ್ತಿನ ಜತೆ ಚೀಟಿ ಎತ್ತಲು ಬಳಸಿದ ಮೂಲಸಂಖ್ಯೆಯೂ ದಾಖಲಾಗುವುದರಿಂದ, ಅದನ್ನು ಕೊಟ್ಟು ಅದೇ ಸೋಲನ್ನು ಬೇರೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಮರುಕಳಿಸಿ ನೋಡಬಹುದು.