ಬೆಂಕಿರೋಗವೂ ಬೆರಕೆ ತೆನೆಯೂ

ಬಳ್ಳಾರಿ ರಸ್ತೆಯ ಬಸ್ಸುಗಳ ಹಾರನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಗೇಟು ದಾಟಿದ ಮೇಲೂ ಬೆನ್ನು ಬಿಡುವುದಿಲ್ಲ. ಮರಗಳ ಸಾಲು ಮುಗಿದು ಕೆಮ್ಮಣ್ಣಿನ ಹೊಲ ಎದುರಾದಾಗಲೇ ಅದು ಅಡಗುವುದು. ಕಾರ್ತೀಕದ ಬೆಳಗು, ರಾಗಿ ತೆನೆ ಬಲಿಯುತ್ತಿದೆ. ಬದುವಿನ ಮೇಲೆ ನಡೆದರೆ ಮೊಣಕಾಲವರೆಗೆ ಇಬ್ಬನಿ, ಅಕ್ಕಡಿ ಸಾಲಿನ ಅವರೆಹೂವಿನ ಸೊಗಡು ಮೂಗಿಗೆ. ಯಲಹಂಕದ ಕಡೆಯಿಂದ ವಾಯುಪಡೆಯ ವಿಮಾನವೊಂದು ಗುಡುಗಿ ಹೋದರೂ ಬೀಜದ ತಾಕಿನಲ್ಲಿ ಬಗ್ಗಿದ ಹೆಂಗಸರು ತಲೆಯೆತ್ತುವುದಿಲ್ಲ. "ಇದು ಬೆರಕೆ ಕಣಕ್ಕ, ಕಿತ್ತಾಕು" ಎನ್ನುತ್ತಾ ಬೇರೆ ಬಣ್ಣದ, ಬೇರೆ ಎತ್ತರದ ಗಿಡಗಳನ್ನು ಬುಡಸಮೇತ ಎಳೆಯುತ್ತಾರೆ. ನೀಲಿ ಚೀಟಿ ಹೊಲಿದ ಪ್ರಮಾಣಿತ ಬೀಜದ ಚೀಲದ ಹಿಂದೆ ಇಂಥ ಕಣ್ಣುಗಳ ದುಡಿಮೆಯಿದೆ.

ಇಲ್ಲೊಂದು ಗಿಡ ನೋಡಿ. ಎಲೆಯ ಮೇಲೆ ಎರಡೂ ತುದಿ ಚೂಪಾದ ಕಂದು ಚುಕ್ಕೆ, ನಡುವೆ ಬೂದಿ ಬಣ್ಣ. ತೆನೆಯ ಕುತ್ತಿಗೆ ಕಪ್ಪಗಾಗಿದೆ. ಹಿಚುಕಿದರೆ ಬೆರಳಿಗೆ ಬರುವುದು ಬರೀ ಜೊಳ್ಳು. ಇದೇ ಬೆಂಕಿರೋಗ. ಮೋಡ, ತಂಪು, ಇಬ್ಬನಿ ಕೂಡಿದರೆ ಇದನ್ನು ತರುವ ಶಿಲೀಂಧ್ರಕ್ಕೆ ಹಬ್ಬ.

ಈ ರೋಗಕ್ಕೆ ತಡೆಯೊಡ್ಡುವ ತಳಿ ಸಿಗಲು ಬಹುಕಾಲ ಬೇಕಾಯಿತು. ಮೈಸೂರು ಸಂಸ್ಥಾನದ ಮೊದಲ ಸುಧಾರಿತ ರಾಗಿ, ಎಚ್-22, ಹೊರಬಂದದ್ದು 1918ರಲ್ಲಿ, ನಾಡರಾಗಿಯಿಂದಲೇ ಆಯ್ದದ್ದು. ಮುಂದೆ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಾಡರಾಗಿಗೆ ಆಫ್ರಿಕದ ರಾಗಿ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿಯ ಹೂವು ಕಣ್ಣಿಗೆ ಬೀಳದಷ್ಟು ಚಿಕ್ಕದು, ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವಂಥದ್ದು. ಬೆರೆಸುವುದೇ ಒಂದು ತಪಸ್ಸು. ಇಳುವರಿ ಏರಿತು, ಬೆಂಕಿರೋಗ ಮಾತ್ರ ಜಗ್ಗಲಿಲ್ಲ. ಇಂಡಾಫ್ ವಂಶದಲ್ಲೇ ಹುಟ್ಟಿ 1990ರ ದಶಕದಲ್ಲಿ ಇದೇ ಜಿಕೆವಿಕೆಯಿಂದ ಹೊರಬಿದ್ದ ಜಿಪಿಯು-28 ಅದಕ್ಕೆ ತಡೆಯೊಡ್ಡಿತು. ರೈತರು ಮುಗಿಬಿದ್ದದ್ದು ಸಹಜವೇ.

ಆದರೆ ಹೊಲದಿಂದ ಹೊಲಕ್ಕೆ ಒಂದೇ ತಳಿ ಹರಡಿದರೆ, ಆ ತಡೆಯನ್ನು ಮುರಿಯಬಲ್ಲ ಶಿಲೀಂಧ್ರಕ್ಕೆ ಒಂದೇ ಬೀಗದ ಕೈ ಸಾಕು. ಗಿಡ್ಡರಾಗಿ, ಹಸಿರುಕಂಬಿ, ಕರಿಕಡ್ಡಿ, ಜೇನುಮುಡುಗು, ಉಂಡೆರಾಗಿ: ಹೆಸರುಗಳೇ ಮಾಯವಾಗುತ್ತಿವೆ. ಮುಂದಿನ ರೋಗಕ್ಕೆ ಬೇಕಾದ ಗುಣ ಇವುಗಳಲ್ಲಿ ಯಾವುದರಲ್ಲಿದೆಯೋ! ವಿಶ್ವವಿದ್ಯಾಲಯದ ತಳಿ ಸಂಗ್ರಹ ದೊಡ್ಡದೇ. ಆದರೆ ತಂಪುಪೆಟ್ಟಿಗೆಯ ಬೀಜ ಮಳೆ, ಬಿಸಿಲು, ರೋಗ ಕಂಡು ಪಳಗುವುದಿಲ್ಲ, ಹೊಲದ ಬೀಜ ಪಳಗುತ್ತದೆ.

ರಾಗಿಯ ಬೀಜ ವರ್ಷವರ್ಷ ಕೊಳ್ಳಲೇಬೇಕೆಂದಿಲ್ಲ. ಹೈಬ್ರಿಡ್ ಮುಸುಕಿನ ಜೋಳದಂತೆ ಮರುವರ್ಷ ಕೈಕೊಡುವುದಿಲ್ಲ. ಬ್ರ್ಯಾಂಡ್ ಹಾಕಿ ಮಾರದಿದ್ದರೆ, ಬೀಜ ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನಿಗೇ ಕೊಟ್ಟಿದೆ. ಮನೆಯ ವಾಡೆಯಲ್ಲಿ ಹಳೇ ರಾಗಿ ಹಿಡಿಯಷ್ಟಿದ್ದರೂ ಗಿರಣಿಗೆ ಹಾಕಬೇಡಿ. ಒಂದು ಗುಂಟೆಯಲ್ಲಾದರೂ ಬಿತ್ತಿ, ಪಕ್ಕದವರಿಗೂ ಒಂದು ಸೇರು ಕೊಡಿ.